ರೇಣುಕಾದೇವಿ ಬಿಟ್ಟುಕೊಡದ ಪೇಪರು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ರೇಣುಕಾದೇವಿ ಹೊಸಪೇಟೆಯ ತನ್ನ ಕಾಲೇಜಿನ ಆಫೀಸು ಕಿಟಕಿಯೊಳಗೆ ಅರ್ಜಿಯೊಂದನ್ನು ತೂರಿಸುತ್ತಿದ್ದಳು. ಬಿ.ಎಸ್ಸಿ. ಎರಡನೇ ವರ್ಷ, ಊರು ಬಂಡ್ರಿ, ಅಪ್ಪ ಪಕೀರಪ್ಪ ಗಣಿ ಕೂಲಿ. ಐಚ್ಛಿಕ ವಿಷಯದ ಜಾಗದಲ್ಲಿ ಪಾಶ್ಚಾತ್ಯ ತತ್ತ್ವಶಾಸ್ತ್ರ ಎಂದು ಬರೆದಿದ್ದಳು.

ಅವ್ವ ಸುಂಕಲಮ್ಮನಿಗೆ ಭಾಳ ಖುಷಿ. ಮಗಳು ತತ್ವಪದ ಹಾಡಲು ಕಲಿಯುತ್ತಾಳೆಂದು ಓಣಿಗೆಲ್ಲ ಹೇಳಿ ಬಂದಿದ್ದಳು.

ಗುಮಾಸ್ತ ನಾಗೇಂದ್ರಪ್ಪ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. "ಹದಿನೈದು ಮಂದಿ ಆಗಬೇಕವ್ವ, ನೀನೊಬ್ಬಾಕಿ ಅದಿ. ಟೂರಿಸಂ ತಗೋ, ಹಂಪಿ ಬಗಲಾಗೈತಿ. ಕೂಲಿಯವರ ಮಕ್ಕಳಿಗೆ ತತ್ವ ಯಾಕ?"

"ಮತ್ತ ಯಾರಿಗೆ ಬೇಕ್ರಿ ಅದು?"

"ಐದಕ್ಕ ಲಿಸ್ಟ್ ಮುಗೀತೈತಿ," ಎಂದಷ್ಟೇ ಹೇಳಿದರು.

ಹಿಂದಿನ ತಿಂಗಳು ಕೆಮಿಸ್ಟ್ರಿ ಮೇಷ್ಟ್ರು ರಜೆ ಇದ್ದ ದಿನ ತತ್ತ್ವಶಾಸ್ತ್ರದ ಜಂಬುನಾಥ್ ಸರ್ ಬಂದು ಒಂದು ಪ್ರಶ್ನೆ ಕೇಳಿ, ಉತ್ತರ ಹೇಳದೆ ಹೋಗಿದ್ದರು. ಅದು ಅವಳನ್ನು ಬಿಟ್ಟಿರಲಿಲ್ಲ. ಅದನ್ನೇ ಕ್ಯಾಂಟೀನಿಗೆ ಒಯ್ದಳು. ಸಂಡೂರಿನ ತಿಪ್ಪೇಶ್ ಸಿಕ್ಕ. ಅವನ ಅಪ್ಪನದು ಅದಿರು ಲಾರಿ.

"ನಿಮ್ಮಪ್ಪನ ಲಾರಿ ಇಂಜಿನ್ ಬದಲಾತು, ಬಾಡಿ ಬದಲಾತು, ಕ್ಯಾಬಿನ್ನೂ ಬದಲಾತು. ಈಗಿರೋದು ಅದಾ ಲಾರಿನಾ?"

"ಅದಾ ಮತ್ತ. ನಂಬರ್ ಪ್ಲೇಟ್ ಅದಾ ಐತಿ."

"ಆ ಪ್ಲೇಟ್ ಎತ್ತಿನ ಬಂಡಿಗೆ ಹಚ್ಚಿದ್ರ?"

ಪಕ್ಕದ ಟೇಬಲ್ಲಿನ ಪೂಜಿತಾ ನಕ್ಕಳು. "ಎತ್ತಿಗೂ ಡೀಸೆಲ್ ಹಾಕ್ತಾನ ಬಿಡು."

ಜಗಳ ಹತ್ತಿತು. ಎರಡು ಟೇಬಲ್ ಒಂದಾದವು, ಚಹಾ ಆರಿತು. ಜೋರಾಗಿ ವಾದಿಸಿದವರ ಮುಂದೆಲ್ಲ ಅವಳು, ತತ್ತ್ವಶಾಸ್ತ್ರ ಬೇಕೆನ್ನುವವರು ಸಹಿ ಹಾಕಲೆಂದು, ಒಂದು ಹಾಳೆ ಸರಿಸಿದಳು. ತಿಪ್ಪೇಶ್ ಸಹಿ ಹಾಕುತ್ತ, "ನಿನ್ನ ಸೋಲಿಸಾಕಾ ಬರ್ತೀನಿ," ಎಂದ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಈಗ ಅವಳು ಸಂಡೂರಿನ ಲ್ಯಾಬೊಂದರಲ್ಲಿ ಅದಿರು ಪರೀಕ್ಷಿಸುತ್ತಾಳೆ. ಬೇರೆಯವರು ಕೊಟ್ಟ ಅಂಕಿಯನ್ನು ತಾನು ಅಳೆಯದೆ ಬರೆಯುವುದಿಲ್ಲ. ಅರ್ಜಿ ಹಾಕಿದ ಆ ದಿನ ಸಂಜೆಯೂ ಹಾಗೆಯೇ ಆಯಿತು.

ಐದಕ್ಕೆ ಹತ್ತು ನಿಮಿಷವಿತ್ತು. ಅವಳದೂ ಸೇರಿ ಹನ್ನೆರಡು ಹೆಸರು.

"ಮೂರು ಕಡಿಮಿ," ಎಂದರು ನಾಗೇಂದ್ರಪ್ಪ.

"ಹದಿನೈದು ಅಂತ ಎಲ್ಲಿ ಬರದೈತ್ರಿ?"

"ಎಲ್ಲಾರಿಗೂ ಗೊತ್ತಿರೋದಾ ಅದು."

"ನಿಮಗ್ಯಾರು ಹೇಳಿದ್ರು?"

"ನನ್ನ ಹಿಂದಿದ್ದ ಕ್ಲರ್ಕು."

"ಅವರಿಗೆ?"

ಅವಳ ಬೆನ್ನಿಗೆ ನಿಂತಿದ್ದ ತಿಪ್ಪೇಶ್ ಕಿಸಕ್ಕೆಂದ. ನಾಗೇಂದ್ರಪ್ಪ ಸಿಟ್ಟಿನಿಂದ ಸುತ್ತೋಲೆಗಳ ಫೈಲು ಎಳೆದು ಹಾಳೆ ಮಗುಚಿದರು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

ರೇಣುಕಾದೇವಿ ಕಿಟಕಿಗೆ ತಲೆ ಹಚ್ಚಿ, ತಲೆಕೆಳಗಾಗಿ ಕಾಣುತ್ತಿದ್ದ ಸಾಲನ್ನು ಓದಿ, ಹಿಂದಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ಹತ್ತು."