ಎತ್ತು ಹೂಡದ ದಿನದ ಮೀಟಿಂಗು

ಗ್ಯಾಸ್ ಪೈಪು ಹೂಳುವ ಕೆಲಸದಲ್ಲಿ ನಾನು ಇಂಜಿನಿಯರ್. ಊರು ಗಜೇಂದ್ರಗಡವೇ. ಹತ್ತಿರದ ಅಸೂಟಿ ಊರಿನ ಕಡೆಯ ಎರೆಹೊಲಗಳು ನನ್ನ ಪಾಲಿಗೆ ಬಂದಿದ್ದವು. ಮೊದಲಾದರೆ ಉದ್ದಕ್ಕೂ ತೋಡಿ ತಿಂಗಳುಗಟ್ಟಲೆ ತೆರೆದಿಡುತ್ತಿದ್ದರು. ಈ ಸಲ ಹದಿನೈದು ದಿನದಲ್ಲಿ ಮುಚ್ಚಲಾಗುವಷ್ಟೇ ತೋಡುವುದು, ಹೊಲದವರನ್ನು ಕೇಳುವುದು, ತಪ್ಪಿದ್ದರೆ ಮುಂದಿನ ಯೋಜನೆಯನ್ನೇ ಬದಲಿಸುವುದು. ಆಫೀಸಿನವರು ಇದಕ್ಕೆ ‘ಅಜೈಲ್’ ಎನ್ನುತ್ತಿದ್ದರು. ಭೂಮಿ ಕೆಡಬಾರದು, ಅಷ್ಟೇ ಅದರ ಸಾರ.

ಮೊದಲ ತುಂಡು ತೋಡಿ ಮುಚ್ಚಿದ ಮೇಲೆ ಮೊದಲ ಮೀಟಿಂಗು ಗುರುವಾರ ಕರೆದೆ. ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಎಲ್ಲರೂ ಚಾಚಾ ಎನ್ನುತ್ತಿದ್ದ ವಯಸ್ಸಾದ ರೈತರೊಬ್ಬರ ಹೊಲಕ್ಕೆ ಹೋಗಿ ಕೂಗಾಡಿದೆ. ಅವರು ನಕ್ಕು, “ಸೋಮವಾರ ಕರೀರಿ ಸಾಹೇಬ್ರ. ಅವತ್ತ ಯಾರೂ ಎತ್ತ ಹೂಡಂಗಿಲ್ಲ, ಎಲ್ಲಾರೂ ಖಾಲಿ ಇರತೇವಿ. ಗಜೇಂದ್ರಗಡದವರಾಗಿ ಇಷ್ಟ ಗೊತ್ತಿಲ್ಲೇನ್ರಿ?” ಎಂದರು. ನಮ್ಮದು ನೇಕಾರರ ಮನೆ. ಎತ್ತಿಗೂ ವಾರದ ರಜೆ ಇರುತ್ತದೆಂಬುದು ಮಗ್ಗದ ಮುಂದೆ ಬೆಳೆದ ನನಗೆ ಹೊಳೆದಿರಲೇ ಇಲ್ಲ. ನಾಚಿಕೆಯಾಯಿತು.

ಸೋಮವಾರ ಬೇವಿನ ಗಿಡದ ಕೆಳಗೆ ಎಲ್ಲರೂ ಸೇರಿದರು. ಚಾಚಾ ಮೆತ್ತಗೆ ನಮ್ಮ ತಪ್ಪು ತೋರಿಸಿದರು. ಅವರ ಹೊಲದ ನಟ್ಟನಡುವೆ ನಾವು ಮುಚ್ಚಿದ ಪಟ್ಟಿಯಲ್ಲಿ ಕಪ್ಪು ಮಣ್ಣು ಅಡಿಗೆ ಹೋಗಿ, ಅಡಿಯಲ್ಲಿದ್ದ ಗರಸು ಕಲ್ಲುಮಣ್ಣು ಮೇಲೆ ಬಂದಿತ್ತು.

“ಇದರಾಗ ಬಿಳಿಜೋಳ ಹ್ಯಾಂಗ ಬಿತ್ತಲ್ರಿ? ನೆಲದಾಗ ಹಸಿ ಇನ್ನ ನಾಕೈದ ದಿನ ಅಷ್ಟ. ಆಮ್ಯಾಲ ಈ ವರ್ಸದ ಬೆಳಿ ಹೋದಂಗ.”

ಮೇಲಧಿಕಾರಿ ಫೋನಿನಲ್ಲಿ ಮುಂದಿನ ಹೊಲಕ್ಕೆ ಹೋಗು ಎಂದರು. ಕೇಳಿ ಬದಲಾಯಿಸುವುದಿಲ್ಲವೆಂದರೆ ಮೀಟಿಂಗು ಯಾವ ಚೆಂದಕ್ಕೆ ಎಂದು ನಾನೂ ಏರುದನಿಯಲ್ಲೇ ಕೇಳಿದೆ. ಕೊನೆಗೆ ಅವರು ಒಪ್ಪಿದರು, ತೋಡುವ ಯಂತ್ರ ಚಾಚಾರ ಹೊಲಕ್ಕೆ ಹಿಂದಕ್ಕೆ ಬಂತು. ಕಪ್ಪು ಮಣ್ಣು ಒಂದು ಬದಿಗೆ, ಗರಸು ಇನ್ನೊಂದು ಬದಿಗೆ ತೆಗೆದು, ಗರಸನ್ನು ಅಡಿಗೆ, ಕಪ್ಪು ಮಣ್ಣನ್ನು ಮೇಲಕ್ಕೆ ಹಾಕಿ ಮುಚ್ಚಿದೆವು. ಚಾಚಾ ಮೂರು ದಿನ ಯಂತ್ರದ ಪಕ್ಕ ಬಿಟ್ಟು ಕದಲಲಿಲ್ಲ. ಇವರೇ ನಮ್ಮ ಮೇಸ್ತ್ರಿ ಎಂದು ಕೆಲಸದ ಹುಡುಗರು ಚೇಷ್ಟೆ ಮಾಡಿದರೆ, ಅವರಿಗೇ ಮಜ್ಜಿಗೆ ಕುಡಿಸಿದರು. ಆ ಮನುಷ್ಯನ ಮೇಲೆ ನನಗೆ ಅಕ್ಕರೆ ಹುಟ್ಟಿದ್ದು ಆ ಮೂರು ದಿನದಲ್ಲಿ.

ಶುಕ್ರವಾರ ಬೆಳಗ್ಗೆ ಅವರು ಬಿತ್ತನೆಗೆ ನಿಂತರು. ಪೈಪು ಹೋದ ಪಟ್ಟಿ ಬಂದರೆ ರೈತರು ಸಾಮಾನ್ಯವಾಗಿ ಬಿತ್ತುವ ಕೂರಿಗೆಯನ್ನು ಎತ್ತಿ ದಾಟುತ್ತಾರೆ. ಅಲ್ಲಿ ಹಾಕಿದ ಬೀಜ ದಂಡವೆಂದು ಲೆಕ್ಕ. ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಪಟ್ಟಿಯ ಅಂಚಿಗೆ ಬಂದು ಚಾಚಾ ಎತ್ತು ನಿಲ್ಲಿಸಿದರು. ಬಗ್ಗಿ ಒಂದು ಹಿಡಿ ಮಣ್ಣು ಹಿಸುಕಿ ನೋಡಿದರು. ಹಿಂದೆ ಬೀಜ ಬಿಡುತ್ತಿದ್ದ ಹೆಂಡತಿಗೆ, “ಬೀಜ ಬಿಡು, ಕೈ ತಡೀಬ್ಯಾಡ” ಎಂದರು. ಕೂರಿಗೆ ಎತ್ತದೆಯೇ ದಾಟಿಹೋದರು.