ಬೆರಳಲ್ಲಿ ಅಳೆದ ಬಲೆ

ನನ್ನ ನಾಲ್ಕು ಬೆರಳು ಮೀನು ಹಿಡಿದು ಬದುಕುವ ಜಯಮ್ಮನವರ ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡವು. ತೊಂಬತ್ತರ ದಶಕದ ಮಾತು, ಕೆ.ಆರ್. ಪೇಟೆ ಕಡೆಯ ಕನ್ನಂಬಾಡಿ ಹಿನ್ನೀರು. ಮೀನುಗಾರಿಕೆ ಇಲಾಖೆಗೆ ನಾನು ಹೊಸಬ. ಮರಿಮೀನು ಬಾಚುವ ಸಣ್ಣ ಕಣ್ಣಿನ ಬಲೆಗೆ ನಿಷೇಧವಿತ್ತು. ಟೇಪು ಮರೆತು ಹೋಗಿದ್ದವನು ಬೆರಳಲ್ಲೇ ಅಳೆದು, ನಾಲ್ಕು ಬೆರಳು ತೂರದ ಕಣ್ಣು ಸಣ್ಣದೇ ಎಂದುಕೊಂಡು, ಬಲೆ ಜಪ್ತಿ ಎಂದುಬಿಟ್ಟೆ. ಆಕೆಗಿದ್ದದ್ದು ಅದೊಂದೇ ಬಲೆ.

"ಆಪೀಸ್ನಾಗೆ ಕುಂತೂ ಕುಂತೂ ನಿಮ್ ಬೆಳ್ಳು ಊದ್ಕಂಡವೆ ಕಣ್ ಸಾಮಿ! ನನ್ ಕೈ ನೋಡಿ," ಎಂದು ತಮ್ಮ ಬೆರಳುಗಳನ್ನು ಸಲೀಸಾಗಿ ತೂರಿಸಿದರು.

ಊರಿನ ದರ್ಜಿ ಸಾಬರ ಟೇಪು ತರಿಸಿ ಅಳೆದೆ. ಕಣ್ಣು ನಿಯಮಕ್ಕಿಂತ ಕೊಂಚ ದೊಡ್ಡದೇ ಇತ್ತು. ಬಲೆ ಅವರಿಗೇ ಉಳಿಯಿತು.

ನನ್ನ ನೆನಪಿನಲ್ಲಿ ನಾನು ಕ್ಷಮೆ ಕೇಳುತ್ತೇನೆ. ನಿಜಕ್ಕೂ ಕೇಳಿದೆನೋ, ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಆಕೆ ಮತ್ತೆ ಬಲೆ ಎತ್ತಿದಾಗ ಮರಿಗಳು ನುಸುಳಿ ನೀರಿಗೆ ಬಿದ್ದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.