ನಾನು ಸತ್ತಿದ್ದ ಮನೆ

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ನಾನು ನಾಗಪುರದ ಪ್ರತಾಪ ನಗರದಲ್ಲಿ ಬ್ಯಾಂಕಿನ ಗುಮಾಸ್ತೆ. ಒಂದು ಮಧ್ಯಾಹ್ನ ಕೌಂಟರಿಗೆ ಬಂದ ಹೆಂಗಸೊಬ್ಬಳು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟು, ಚಕ್ಕುಲಿ ಚೆನ್ನಾಗಿತ್ತು, ಡಬ್ಬಿ ವಾಪಸು ಕೊಡುವುದು ತಡವಾಯಿತು ಎಂದಳು. ಜನ್ಮದಲ್ಲಿ ನಾನು ಚಕ್ಕುಲಿ ಒತ್ತಿದವಳಲ್ಲ. ಹಾಗೆಂದರೆ ಅವಳು ನಕ್ಕು, ಬ್ಯಾಂಕು ಸೇರಿದ ಸುದ್ದಿ ಒಂದು ಮಾತು ಹೇಳಬಾರದೇ ಎಂದು ನನ್ನನ್ನೇ ಗದರಿಸಿ ಹೊರಟುಹೋದಳು.

ಇದು ಮೊದಲ ಸಲವಲ್ಲ. ಹಿಂದೊಮ್ಮೆ ಬುಟಿಬೋರಿಯ ಬಸ್ಸಿನಲ್ಲಿ ಯಾರೋ ಜಾಗ ಕೊಟ್ಟು, ಮಕ್ಕಳು ಹೇಗಿದ್ದಾರೆ ಎಂದು ಕೇಳಿದ್ದರು. ನನಗೆ ಮದುವೆಯೇ ಆಗಿರಲಿಲ್ಲ. ಆಗ ಸಿಟ್ಟು ಬಂದಿತ್ತು. ಈ ಸಲ ಡಬ್ಬಿ ಕೈಯಲ್ಲಿತ್ತು, ಅದರ ತಳದಲ್ಲಿ ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಯಾರದೋ ಹೆಸರಿತ್ತು, ಹೆಸರಿನ ಮುಂದೆ ನಾಗಪುರದ ಪಕ್ಕದ ಊರಾದ ಖಾಪರಖೇಡಾದ ಕಾಲೊನಿ ಎಂದಿತ್ತು. ಸಿಟ್ಟಿನ ಜಾಗದಲ್ಲಿ ಹೆದರಿಕೆ ಬಂತು.

ನಾನು ಸಾಕುಮಗಳು ಎಂಬುದು ಗುಟ್ಟೇನಲ್ಲ. ಧಾರವಾಡದಿಂದ ನೌಕರಿಗೆ ಬಂದ ಅಪ್ಪ ಅವ್ವ ನನಗೆ ಹದಿನಾರು ತುಂಬಿದಾಗಲೇ ಕೂಡಿಸಿ ಹೇಳಿದ್ದರು. ಹೆತ್ತವರು ಯಾರೆಂದು ನಾನು ಕೇಳಲಿಲ್ಲ. ಕೇಳಿದರೆ ಅವ್ವನ ಮುಖ ಬಾಡುತ್ತದೆ ಎಂದು ಬಿಟ್ಟಿದ್ದೆ. ಅಪ್ಪ ತೀರಿಕೊಂಡ ಮೇಲಂತೂ ಆ ಮಾತೇ ಇರಲಿಲ್ಲ. ಆ ಸಂಜೆ ಅವ್ವನಿಗೆ ಡಬ್ಬಿಯ ಕಥೆ ಹೇಳಿದೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅವ್ವನ ಕೈ ನಿಂತಿತು.

"ಎರಡು ಕೂಸು ಇದ್ದೂವಂತ. ಒಂದನ್ನ ನಮಗ ಕೊಟ್ರು. ಅವರವ್ವ ಒಪ್ಪ್ಯಾಳ ಅಂತ ಅವರಪ್ಪ ಆಣಿ ಮಾಡಿ ಹೇಳಿದ್ದ," ಎಂದಳು. ಆಮೇಲೆ ಎದ್ದು ಡಬ್ಬಿ ತೊಳೆದು ಅದರ ತುಂಬ ಸಕ್ಕರೆ ಹಾಕಿದಳು. ಇನ್ನೊಬ್ಬರ ಡಬ್ಬಿ ಬರಿದಾಗಿ ಕಳಿಸಬಾರದು. ಅಷ್ಟರಲ್ಲೇ ನಾನು ಹೋಗಿಯೇ ಹೋಗುತ್ತೇನೆ ಎಂದು ಅವಳಿಗೆ ಗೊತ್ತಾಗಿತ್ತು.

ಖಾಪರಖೇಡಾದ ವಿದ್ಯುತ್ ಸ್ಥಾವರದ ಕಾಲೊನಿಯಲ್ಲಿ ಆ ಹೆಸರು ಕೇಳುವ ಪ್ರಮೇಯವೇ ಬರಲಿಲ್ಲ. ಗೇಟಿನವನು ನನ್ನನ್ನು ನೋಡಿ ತಲೆಯಾಡಿಸಿ ಒಳಗೆ ಬಿಟ್ಟ. ಒಂದು ನಾಯಿ ಬಾಲ ಅಲ್ಲಾಡಿಸುತ್ತ ಹಿಂದೆ ಬಂತು, ಹತ್ತಿರ ಬಂದು ಮೂಸಿ, ಗುರ್ ಎಂದು ಹಿಂದಕ್ಕೆ ಸರಿಯಿತು. ಹೆಸರಿನ ಫಲಕ ಹುಡುಕಿ ಬಾಗಿಲು ತಟ್ಟಿದೆ. ತೆರೆದವಳಿಗೆ ನನ್ನದೇ ಮುಖವಿತ್ತು, ಹಣೆಗೆ ಅಂಟಿದ ಕೂದಲೂ ನನ್ನ ಹಾಗೆಯೇ. ನಾನು ಡಬ್ಬಿ ಮುಂದೆ ಹಿಡಿದೆ.

ಒಳಗಿನಿಂದ ಅವಳ ತಾಯಿ ಬಂದಳು. ಚೀರಲಿಲ್ಲ, ಓಡಲಿಲ್ಲ. ಮಾತಿಗೆ ತಪ್ಪಿದವಳ ಹಾಗೆ ಕುಗ್ಗಿ ಮರಾಠಿಯಲ್ಲಿ ಕೇಳಿದಳು: "ಬಂದೆಯಾ? ಈ ವರ್ಷ ಏನು ಕಡಿಮೆ ಮಾಡಿದ್ದೆ ನಿನಗೆ?"

ಆಮೇಲೆ ಹಿಡಿ ಅಕ್ಕಿ ತಂದು ನನ್ನ ಮೇಲೆ ಎರಚಿ, ಹೋಗು, ಹೋಗು ಎಂದಳು. ಬಾಗಿಲು ತೆರೆದವಳು, ನನ್ನ ಅಕ್ಕ, ನನ್ನನ್ನು ಹೊರಗೆ ಕರೆತಂದು ಸಂಗತಿ ಹೇಳಿದಳು. ಅವಳಿ ಹೆಣ್ಣುಗಳಲ್ಲಿ ಕಿರಿಯದು ಹುಟ್ಟಿದ ದಿನವೇ ಸತ್ತಿತೆಂದು ತಂದೆ ಹೇಳಿದ್ದನಂತೆ. ಅವನೂ ಈಗ ಇರಲಿಲ್ಲ. ಸತ್ತ ಮಗು ಬದುಕಿರುವ ಮಗುವನ್ನು ಕಾಡಬಾರದೆಂದು ತಾಯಿ ಅದರ ಬೆಳ್ಳಿಯ ಟಾಕು, ಅಂದರೆ ಬೆರಳಗಲದ ಒಂದು ತಗಡಿನ ಮೂರ್ತಿ, ಮಾಡಿಸಿ ದೇವರ ಮನೆಯಲ್ಲಿಟ್ಟಿದ್ದಳು. ಆ ಕಡೆ ಸತ್ತವರಿಗೆ ಉಣಿಸುವ ಅಕ್ಷಯ ತೃತೀಯದಂದು ಪ್ರತಿ ವರ್ಷ ಅದಕ್ಕೆ ಎಡೆ. ಅಂದರೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಮನೆಯಲ್ಲಿ ನಾನು ಉಂಡಿದ್ದೆ.

ಡಿಎನ್‌ಎ ಪರೀಕ್ಷೆಯ ಮಾತು ತೆಗೆದದ್ದು ಅಕ್ಕನೇ. ನಮ್ಮಿಬ್ಬರಿಗೆ ಕನ್ನಡಿ ಸಾಕಿತ್ತು. ಆದರೆ ಮುಖವನ್ನು ಪಿಶಾಚಿಯೂ ತೊಟ್ಟು ಬರುತ್ತದೆ, ರಕ್ತ ಹೇಗೆ ತಂದೀತು ಎಂದು ತಾಯಿ ಹಟ ಹಿಡಿದಿದ್ದಳು. ನನಗೂ ಹಟವೇ. ಹೆತ್ತವಳ ಬಾಯಲ್ಲಿ ನಾನು ಬದುಕಿದ್ದೇನೆ ಎಂದು ಒಮ್ಮೆ ಹೇಳಿಸಬೇಕಿತ್ತು. ಧಂತೋಲಿಯ ಒಂದು ಲ್ಯಾಬಿನಲ್ಲಿ ನಮ್ಮಿಬ್ಬರ ಕೆನ್ನೆಯ ಒಳಗೂ ಹತ್ತಿಕಡ್ಡಿ ಆಡಿಸಿ ಹೈದರಾಬಾದಿಗೆ ಕಳಿಸಿದರು. ಕೆಲವು ವಾರಗಳ ಮೇಲೆ ಅಲ್ಲಿಂದ ಫೋನ್ ಬಂತು. ತಪ್ಪಿ ಒಬ್ಬರದೇ ಮಾದರಿ ಎರಡು ಸಲ ಕಳಿಸಿದ್ದೀರಾ, ಇಲ್ಲಿ ಒಬ್ಬಳೇ ಹೆಂಗಸು ಕಾಣುತ್ತಿದ್ದಾಳೆ ಎಂದರು. ನಾವು ಅವಳಿ ಎಂದು ವಿವರಿಸಿ ಫೋನ್ ಇಟ್ಟೆ. ಇಬ್ಬರಲ್ಲಿ ನಿಜವಾಗಿ ಇರುವವಳು ಯಾರು ಎಂಬ ಹುಚ್ಚು ಪ್ರಶ್ನೆ ಇಡೀ ದಿನ ಬೆನ್ನು ಬಿಡಲಿಲ್ಲ.

ವರದಿ ಹಿಡಿದು ಹೋದ ದಿನ ಅಕ್ಕ ಅದನ್ನು ಮರಾಠಿಯಲ್ಲಿ ಬಿಡಿಸಿ ಹೇಳಿದಳು. ತಾಯಿ ಕಾಗದ ಮುಟ್ಟಲಿಲ್ಲ. ನನ್ನ ಮುಂಗೈ ಹಿಡಿದು ಬಿಸಿ ನೋಡಿದಳು, ಉಗುರು ಒತ್ತಿ ಬಿಟ್ಟಳು, ಕೆಂಪು ಮರಳುವವರೆಗೆ ಕಾದಳು. ಆಮೇಲೆ ಕೇಳಿದಳು: "ಹಾಗಾದರೆ ಇಷ್ಟು ವರ್ಷ ನಾನು ಉಣಿಸಿದ್ದು ಯಾರಿಗೆ?"

ಅವಳು ಬಡಿಸಿದಳು. ವರಣವೆನ್ನುವ ತೊವ್ವೆ, ಅನ್ನ, ಬದನೆಕಾಯಿ. ಬಡಿಸಿ ಗೋಡೆಗೆ ಮುಖ ಮಾಡಿ ಕೂತಳು. ನೋಡುತ್ತಿದ್ದರೆ ಸತ್ತವರು ಉಣ್ಣುವುದಿಲ್ಲ, ಅದಕ್ಕೇ ತಿರುಗಿ ಕೂರುತ್ತಾಳೆ ಎಂದು ಅಕ್ಕ ಪಿಸುಗುಟ್ಟಿದಳು. ಇಷ್ಟೆಲ್ಲ ಮಾಡಿಯೂ ಬಂದದ್ದು ಇಷ್ಟೇನಾ ಎಂದು ನನಗೆ ಅಳುವೇ ಬಂತು. ಒಂದು ತುತ್ತು ತಿಂದೆ. ತಾಯಿಯ ಬೆನ್ನು ನೋಡುತ್ತ, "ಆಯಿ, ಉಪ್ಪು ಕಡಿಮೆಯಾಗಿದೆ," ಎಂದೆ.

ಅವಳು ನಿಧಾನವಾಗಿ ತಿರುಗಿ ಉಪ್ಪಿನ ಬಟ್ಟಲು ಹಿಡಿದು ಬಂದಳು. ಚಿಟಿಕೆ ಉಪ್ಪು ಹಾಕಿ, ನನ್ನ ತಲೆಯನ್ನು ಎದೆಗೊತ್ತಿಕೊಂಡು, ಮಗಳೇ, ಬದುಕಿದ್ದೀಯಲ್ಲ ಎಂದು ಅತ್ತಳು. ನಾನೂ ಅತ್ತೆ, ಅಕ್ಕನೂ ಅತ್ತಳು. ಅಷ್ಟು ಸುಖ ನನಗೆ ಮತ್ತೆಂದೂ ಆಗಿಲ್ಲ.

ಆಮೇಲೆ ತಾಯಿ ಕಣ್ಣೊರೆಸಿಕೊಂಡು ಎದ್ದು, ಇನ್ನೊಂದು ತಟ್ಟೆ ತೊಳೆದಳು. ಅದರಲ್ಲೂ ವರಣ, ಅನ್ನ, ಬದನೆಕಾಯಿ ಬಡಿಸಿ ಟಾಕಿನ ಮುಂದಿಟ್ಟಳು. ಇನ್ನು ಯಾಕೆ ಎಂದು ಅಕ್ಕ ಕೇಳಿದಳು.

"ಇಷ್ಟು ವರ್ಷ ಬಂದು ಉಂಡವಳು. ಯಾರಾದರೂ ಇರಲಿ. ಇವತ್ತು ಹಸಿದು ಹೋಗು ಅನ್ನಲಾ?"

ಹಾಗೆಂದು ಗೋಡೆಯ ಕಡೆ ತಿರುಗಿದಳು. ಅಕ್ಕನೂ ತಿರುಗಿದಳು. ನನ್ನ ತಟ್ಟೆ ಎತ್ತಿಕೊಂಡು ನಾನೂ ತಿರುಗಿ ಕೂತೆ. ಹಿಂದೆ ನೋಡುವ ಧೈರ್ಯ ನನಗಾಗಲಿಲ್ಲ.